ಕರ್ಜತ್‌ನ ಹಿಂದಿನ ಎಂಜಿನ್

ಮುಂಬೈಯಿಂದ ಪುಣೆಗೆ ರೈಲಿನಲ್ಲಿ ಓಡಾಡುವ ನಮ್ಮವರಿಗೆಲ್ಲ ಕರ್ಜತ್ ಗೊತ್ತು. ರೈಲು ನಿಂತ ಕೂಡಲೇ ವಡಾಪಾವ್‌ಗಾಗಿ ಪ್ಲಾಟ್‌ಫಾರ್ಮಿಗೆ ಜಿಗಿಯುವವರು, ಬಾಗಿಲಲ್ಲೇ ನಿಂತು ಚಹಾ ಕೂಗಿ ಕರೆಯುವವರು. ಆದರೆ ರೈಲು ಅಲ್ಲಿ ನಿಲ್ಲುವುದು ವಡೆಗಾಗಿ ಅಲ್ಲ. ಮುಂದೆ ಭೋರ್ ಘಾಟ್ ಇದೆ. ಆ ಏರನ್ನು ಮುಂದಿನ ಎಂಜಿನ್ ಒಂದೇ ಹತ್ತಿಸಲಾರದು. ಹಾಗಾಗಿ ಕರ್ಜತ್‌ನಲ್ಲಿ ಬೇರೆ ಎಂಜಿನ್‌ಗಳು ಬಂದು ಗಾಡಿಯ ಹಿಂಭಾಗಕ್ಕೆ ಸೇರಿಕೊಳ್ಳುತ್ತವೆ. ರೈಲ್ವೆಯವರು ಅವನ್ನು ಬ್ಯಾಂಕರ್ ಎನ್ನುತ್ತಾರೆ. ಅವು ಹಿಂದಿನಿಂದ ತಳ್ಳುತ್ತವೆ, ಘಾಟಿ ಮುಗಿದ ಮೇಲೆ ಕಳಚಿಕೊಂಡು ಮತ್ತೆ ಕೆಳಗಿಳಿಯುತ್ತವೆ. ಒಳಗೆ ಕೂತ ನಮಗೆ ಸೇರಿದ್ದೂ ಗೊತ್ತಾಗುವುದಿಲ್ಲ, ಬಿಟ್ಟದ್ದೂ ಗೊತ್ತಾಗುವುದಿಲ್ಲ.

ಇದೇ ಕರ್ಜತ್ ಸೀಮೆಯಲ್ಲಿ, ರಾಯಗಡ ಜಿಲ್ಲೆಯ ಖೈರಾತ್ ಎಂಬ ಪುಟ್ಟ ಊರಿದೆ. ಧನಗರವಾಡಾ, ಅಂದರೆ ನಮ್ಮ ಕಡೆಯ ಕುರುಬರ ಹಟ್ಟಿಯಂಥದು. ಒಂದೇ ಕೋಣೆಯ ಶಾಲೆ, ಒಬ್ಬರೇ ಮಾಸ್ತರು, ಒಂದರಿಂದ ನಾಲ್ಕನೆಯ ತರಗತಿವರೆಗಿನ ಇಪ್ಪತ್ತರ ಆಸುಪಾಸಿನ ಮಕ್ಕಳು. 2007ರಲ್ಲಿ ಆ ಮಕ್ಕಳ ಕೈಗೆ ಹಸಿರು ಬಿಳಿ ಬಣ್ಣದ ಪುಟ್ಟ ಲ್ಯಾಪ್‌ಟಾಪ್‌ಗಳು ಬಂದವು. ‘ಒನ್ ಲ್ಯಾಪ್‌ಟಾಪ್ ಪರ್ ಚೈಲ್ಡ್’ ಎಂಬ ಜಾಗತಿಕ ಯೋಜನೆ ಭಾರತದಲ್ಲಿ ಮೊದಲು ಕಾಲೂರಿದ್ದು ಇಲ್ಲಿ.

ಆ ಯಂತ್ರದ ಕಥೆಯನ್ನು ಬಹಳ ಜನ ಬರೆದಿದ್ದಾರೆ. ಅದರೊಳಗಿನ ತಂತ್ರಾಂಶಕ್ಕೆ ಏನಾಯಿತು, ಯಂತ್ರ ಮಾಡಿದವರು ಕೈಬಿಟ್ಟ ಮೇಲೆ ಅದನ್ನು ಯಾರು ಸಾಕಿದರು ಎಂಬುದು ಅಷ್ಟಾಗಿ ಹೇಳದ ಕಥೆ. ಈ ವಾರ ಅದನ್ನು ಹೇಳುತ್ತೇನೆ. ಸಂಬಳವಿಲ್ಲದೆ, ಹೆಸರಿಲ್ಲದೆ, ಮುಖವನ್ನೇ ನೋಡಿರದ ಹುಡುಗ ಹುಡುಗಿಯರಿಗೆ ಕಲಿಸುತ್ತ ಕೂತ ಕೆಲವು ಸಾವಿರ ಜನರ ಕಥೆ ಅದು.

ಆಮೆಯಿಂದ ಶುರು

1967ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಮೂವರು ಸೇರಿ ಲೋಗೋ ಎಂಬ ಪ್ರೋಗ್ರಾಮಿಂಗ್ ಭಾಷೆ ಕಟ್ಟಿದರು. ವಾಲಿ ಫೋಯರ್‌ಜೈಗ್, ಸಿಂಥಿಯಾ ಸಾಲೊಮನ್ ಮತ್ತು ಸೀಮೋರ್ ಪ್ಯಾಪರ್ಟ್. ದಕ್ಷಿಣ ಆಫ್ರಿಕದಲ್ಲಿ ಹುಟ್ಟಿದ ಪ್ಯಾಪರ್ಟ್ ಗಣಿತಜ್ಞ. ಜಿನೀವಾದಲ್ಲಿ ಮಕ್ಕಳ ಮನಸ್ಸಿನ ಅಧ್ಯಯನ ಮಾಡಿದ ಜೀನ್ ಪಿಯಾಜೆಯ ಜೊತೆ ಕೆಲಸ ಮಾಡಿ ಬಂದವರು. ಲೋಗೋದ ಆಮೆಯನ್ನು ನಮ್ಮಲ್ಲಿ ಶಾಲೆಯ ಕಂಪ್ಯೂಟರ್ ಲ್ಯಾಬಿನಲ್ಲಿ ಕಂಡವರು ಬಹಳ ಜನ ಇದ್ದಾರೆ: ಮುಂದೆ ನೂರು ಹೆಜ್ಜೆ, ಬಲಕ್ಕೆ ತೊಂಬತ್ತು ಡಿಗ್ರಿ, ಮತ್ತೆ ಮುಂದೆ ನೂರು. ನಾಲ್ಕು ಸಲ ಮಾಡಿದರೆ ಚೌಕ. ಮಗು ಆಮೆಗೆ ಕಲಿಸುತ್ತ ತಾನೇ ಜ್ಯಾಮಿತಿ ಕಲಿಯುತ್ತದೆ ಎಂಬುದು ಪ್ಯಾಪರ್ಟ್ ಕಂಡುಕೊಂಡ ಸತ್ಯ.

1980ರಲ್ಲಿ ಬಂದ ಅವರ ‘ಮೈಂಡ್‌ಸ್ಟಾರ್ಮ್ಸ್’ ಪುಸ್ತಕದಲ್ಲಿ ಆಮೆಗಿಂತ ನನ್ನನ್ನು ಹಿಡಿದದ್ದು ಬ್ರೆಜಿಲ್‌ನ ಸಾಂಬಾ ಶಾಲೆಗಳ ಪ್ರಸ್ತಾಪ. ರಿಯೋ ನಗರದ ಈ ಶಾಲೆಗಳಲ್ಲಿ ಕಾರ್ನಿವಲ್‌ಗಾಗಿ ವರ್ಷವಿಡೀ ತಾಲೀಮು ನಡೆಯುತ್ತದೆ. ಹೆಸರಿಗೆ ಶಾಲೆ, ಆದರೆ ಪಾಠವಿಲ್ಲ, ಪೀರಿಯಡ್ ಇಲ್ಲ. ಅಜ್ಜ, ಮೊಮ್ಮಗ, ಪಳಗಿದವರು, ಇವತ್ತೇ ಬಂದವರು ಎಲ್ಲರೂ ಒಂದೇ ಅಂಗಳದಲ್ಲಿ ಕುಣಿಯುತ್ತಾರೆ. ಬಲ್ಲವನು ಕುಣಿಯುತ್ತಲೇ ಪಕ್ಕದವನಿಗೆ ಹೆಜ್ಜೆ ತೋರಿಸುತ್ತಾನೆ. ಕಂಪ್ಯೂಟರ್ ಕಲಿಕೆಯೂ ಹೀಗಿರಬೇಕು ಎಂಬುದು ಪ್ಯಾಪರ್ಟ್ ಆಸೆ.

ಕರಾವಳಿಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಯಕ್ಷಗಾನ ಮೇಳಕ್ಕೆ ಸೇರಿದ ಹುಡುಗನನ್ನು ಮೊದಲ ದಿನವೇ ಅರ್ಜುನನ ವೇಷಕ್ಕೆ ನಿಲ್ಲಿಸುವುದಿಲ್ಲ. ಅವನು ಪೂರ್ವರಂಗದಲ್ಲಿ ಕೋಡಂಗಿಯಾಗಿ ಕುಣಿಯುತ್ತಾನೆ, ಆಮೇಲೆ ಬಾಲಗೋಪಾಲನಾಗುತ್ತಾನೆ, ಉಳಿದ ರಾತ್ರಿಯೆಲ್ಲ ಚೌಕಿಯಲ್ಲೋ ರಂಗಸ್ಥಳದ ಬದಿಯಲ್ಲೋ ಕೂತು ಹಿರಿಯರನ್ನು ನೋಡುತ್ತಾನೆ. ವೇಷ ಚಿಕ್ಕದು, ಆದರೆ ಆಟ ನಿಜವಾದದ್ದು, ಎದುರಿಗೆ ಕೂತ ಪ್ರೇಕ್ಷಕರೂ ನಿಜವಾದವರು. ಓಪನ್ ಸೋರ್ಸ್ ಎಂಬುದು ಒಳ್ಳೆಯ ದಿನಗಳಲ್ಲಿ ಇಂಥ ಒಂದು ಮೇಳ. ಚಿಕ್ಕ ತಪ್ಪೊಂದನ್ನು ತಿದ್ದಿ ಕಳಿಸಿದ ಹದಿನೆಂಟರ ಹುಡುಗಿಯ ಕೋಡ್, ಯಾವುದೋ ದೇಶದ ಶಾಲೆಯ ಕಂಪ್ಯೂಟರಿನಲ್ಲಿ ನಿಜವಾಗಿಯೂ ಓಡುತ್ತದೆ.

ಹಸಿರು ಲ್ಯಾಪ್‌ಟಾಪ್ ಮತ್ತು ಸಕ್ಕರೆ

2005ರ ಆರಂಭದಲ್ಲಿ ದಾವೋಸ್‌ನ ಸಭೆಯಲ್ಲಿ ನಿಕೊಲಾಸ್ ನೆಗ್ರೊಪಾಂಟೆ ನೂರು ಡಾಲರಿನ ಲ್ಯಾಪ್‌ಟಾಪ್ ಘೋಷಿಸಿದರು. ಎಂಐಟಿಯ ಮೀಡಿಯಾ ಲ್ಯಾಬ್ ಕಟ್ಟಿದ ಮನುಷ್ಯ, ಮಾತುಗಾರ. ಬೆನ್ನಿಗೆ ಪ್ಯಾಪರ್ಟ್ ಅವರ ವಿಚಾರಗಳಿದ್ದವು. ಭಾರತಕ್ಕೂ ಕರೆ ಬಂತು. ಆದರೆ 2006ರಲ್ಲಿ ನಮ್ಮ ಮಾನವ ಸಂಪನ್ಮೂಲ ಸಚಿವಾಲಯ ಒಲ್ಲೆ ಎಂದಿತು. ಮಕ್ಕಳಿಗೊಂದು ಲ್ಯಾಪ್‌ಟಾಪ್ ಕೊಡುವುದಕ್ಕಿಂತ ಶಾಲೆಗೆ ಕೋಣೆ, ಕೋಣೆಗೆ ಮಾಸ್ತರು ಮೊದಲು ಬೇಕು, ಈ ವಿಧಾನದ ಬೋಧನಾ ಆಧಾರವೇ ಅನುಮಾನಾಸ್ಪದ ಎಂಬುದು ಅದರ ವಾದದ ತಿರುಳು. ಆಗ ಇದನ್ನು ಗೇಲಿ ಮಾಡಿದವರಿದ್ದರು. ಇವತ್ತು ಹಿಂತಿರುಗಿ ನೋಡಿದರೆ ಆ ವಾದದಲ್ಲಿ ಹುರುಳಿತ್ತು ಅನಿಸುತ್ತದೆ. ಅದಕ್ಕೆ ಆಮೇಲೆ ಬರುತ್ತೇನೆ. ಸರಕಾರ ಬೇಡವೆಂದರೂ ಖೈರಾತ್‌ನಂಥ ಸಣ್ಣ ಪ್ರಯೋಗಗಳು ನಡೆದವು.

ಎಕ್ಸ್‌ಒ ಎಂಬ ಆ ಯಂತ್ರದೊಳಗಿನ ತಂತ್ರಾಂಶದ ಹೆಸರು ಶುಗರ್. ಅದರಲ್ಲಿ ನಮಗೆ ಅಭ್ಯಾಸವಾಗಿರುವ ಫೈಲು, ಫೋಲ್ಡರು ಕಾಣುತ್ತಿರಲಿಲ್ಲ. ಮಗು ಮಾಡಿದ್ದೆಲ್ಲ ತಾನಾಗಿಯೇ ಒಂದು ದಿನಚರಿಯಲ್ಲಿ ದಾಖಲಾಗುತ್ತಿತ್ತು. ನೆರೆಹೊರೆಯ ಮಕ್ಕಳ ಯಂತ್ರಗಳು ಪರದೆಯ ಮೇಲೆ ಪುಟ್ಟ ಗೊಂಬೆಗಳಾಗಿ ಕಾಣುತ್ತಿದ್ದವು, ಜೊತೆಗೂಡಿ ಚಿತ್ರ ಬರೆಯಬಹುದಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಕೀಬೋರ್ಡಿನಲ್ಲಿ ಒಂದು ಕೀಲಿ ಇತ್ತು. ಅದನ್ನು ಒತ್ತಿದರೆ ಎದುರಿಗಿರುವ ಆಟದ ಒಳಗಿನ ಕೋಡ್ ತೆರೆದುಕೊಳ್ಳಬೇಕು ಎಂಬುದು ಕಲ್ಪನೆ. ಗಡಿಯಾರದ ಬೆನ್ನು ಬಿಚ್ಚಿ ಒಳಗಿನ ಗಾಲಿಗಳನ್ನು ನೋಡುವ ಹಕ್ಕು ಮಗುವಿಗೂ ಇದೆ ಎಂದು ಹೇಳಿದ ಕೀಲಿ ಅದು.

ಉರುಗ್ವೆ ಎಂಬ ಪುಟ್ಟ ದೇಶ 2007ರಲ್ಲಿ ವಿಯಾ ಕಾರ್ಡಾಲ್ ಎಂಬ ಹಳ್ಳಿಯಿಂದ ಶುರುಮಾಡಿ 2009ರ ಹೊತ್ತಿಗೆ ತನ್ನ ಸರಕಾರಿ ಪ್ರಾಥಮಿಕ ಶಾಲೆಗಳ ಎಲ್ಲ ಮಕ್ಕಳಿಗೂ ಎಕ್ಸ್‌ಒ ಕೊಟ್ಟಿತು. ಪೆರು ದೇಶ ಇನ್ನೂ ದೊಡ್ಡ ಸಂಖ್ಯೆಯಲ್ಲಿ, ಎಂಟು ಲಕ್ಷಕ್ಕೂ ಹೆಚ್ಚು ಯಂತ್ರ ಕೊಂಡಿತು. ನೇಪಾಳದಲ್ಲೂ ಕೆಲಸ ಶುರುವಾಯಿತು.

ಅಷ್ಟರಲ್ಲಿ ಮನೆಯೇ ಒಡೆಯಿತು. ಯಂತ್ರದಲ್ಲಿ ವಿಂಡೋಸ್ ಕೂಡ ಓಡಬೇಕೇ, ತಂತ್ರಾಂಶ ಪೂರ್ತಿ ಮುಕ್ತವಾಗಿಯೇ ಇರಬೇಕೇ ಎಂಬ ಜಗಳ. 2008ರ ವಸಂತದಲ್ಲಿ ವಾಲ್ಟರ್ ಬೆಂಡರ್ ಸಂಸ್ಥೆ ಬಿಟ್ಟು ಹೊರಬಂದು ‘ಶುಗರ್ ಲ್ಯಾಬ್ಸ್’ ಎಂಬ ಸ್ವಯಂಸೇವಕರ ಕೂಟ ಕಟ್ಟಿದರು. ಅವರು ಮೀಡಿಯಾ ಲ್ಯಾಬಿನ ನಿರ್ದೇಶಕರಾಗಿದ್ದವರು. 2009ರ ಜನವರಿಯಲ್ಲಿ ಇನ್ನೊಂದು ಪೆಟ್ಟು: ಹಣದ ಮುಗ್ಗಟ್ಟಿನಿಂದ ಲ್ಯಾಪ್‌ಟಾಪ್ ಸಂಸ್ಥೆ ತನ್ನ ನೌಕರರಲ್ಲಿ ಅರ್ಧದಷ್ಟು ಜನರನ್ನು ತೆಗೆಯಿತು, ಶುಗರ್‌ನ ಬೆಳವಣಿಗೆಯನ್ನು ಸಮುದಾಯಕ್ಕೆ ಬಿಟ್ಟುಕೊಟ್ಟಿತು.

‘ಸಮುದಾಯಕ್ಕೆ ಬಿಟ್ಟುಕೊಟ್ಟಿತು’ ಎಂಬ ಮಾತು ಕೇಳಲು ಚೆಂದ. ಅದರ ಅರ್ಥ ಇಷ್ಟೇ: ಲಕ್ಷಾಂತರ ಮಕ್ಕಳು ದಿನಾ ತೆರೆಯುವ ತಂತ್ರಾಂಶದಲ್ಲಿ ತಪ್ಪು ಕಂಡರೆ ತಿದ್ದಲು ಸಂಬಳದ ಕೈಗಳು ಹೆಚ್ಚುಕಡಿಮೆ ಇರಲಿಲ್ಲ. ಹಗಲು ಬೇರೆ ಕೆಲಸ ಮಾಡಿ ರಾತ್ರಿ ಇದಕ್ಕೆ ಕೂರುವ ಕೆಲವರು ಮಾತ್ರ. ಅವರ ಕೈ ಸಾಲದು. ಹೊಸ ಕೈಗಳು ಬೇಕು. ಹೊಸ ಕೈಗಳು ಎಂದರೆ ವಿದ್ಯಾರ್ಥಿಗಳು.

ಬೇಸಿಗೆಯ ಕೋಡ್

ಇಲ್ಲಿಗೆ ಇನ್ನೊಂದು ಕಥೆ ಬಂದು ಕೂಡುತ್ತದೆ. 2005ರ ಬೇಸಿಗೆಯಲ್ಲಿ ಗೂಗಲ್ ‘ಸಮ್ಮರ್ ಆಫ್ ಕೋಡ್’ ಶುರುಮಾಡಿತು. ರಜೆಯಲ್ಲಿ ಹೋಟೆಲಿನಲ್ಲೋ ಅಂಗಡಿಯಲ್ಲೋ ದುಡಿಯಬೇಕಾದ ಕಾಲೇಜು ಹುಡುಗರು ಕೋಡ್ ಬರೆಯುವ ಕೈ ಮರೆಯಬಾರದು, ಅದಕ್ಕೊಂದು ಸಂಭಾವನೆ ಕೊಡೋಣ ಎಂಬುದು ಯೋಚನೆ. ಮೊದಲ ವರ್ಷ 200 ಜಾಗಗಳಿಗೆ 8,740 ಪ್ರಸ್ತಾವಗಳು ಬಂದವು. ಜಾಗಗಳನ್ನು 400ರ ಆಚೆಗೆ ಏರಿಸಬೇಕಾಯಿತು. ಪೂರೈಸಿದ ವಿದ್ಯಾರ್ಥಿಗೆ 4,500 ಡಾಲರ್, ಅವನಿಗೆ ಕಲಿಸಿದ ಸಂಸ್ಥೆಗೆ 500 ಡಾಲರ್.

ಮೆಂಟರಿಗೆ? ಒಂದು ಟೀ ಶರ್ಟು.

ನಗಬೇಡಿ, ಗೂಗಲ್ ಕಡೆಯಿಂದ ಅವರಿಗೆ ನೇರವಾಗಿ ಬರುವುದು ಅಷ್ಟೇ. ವರ್ಷದ ಕೊನೆಗೆ ಸಂಸ್ಥೆಗಳ ಪರವಾಗಿ ಕೆಲವು ಮೆಂಟರುಗಳು ಒಂದೆಡೆ ಸೇರುವ ಸಮಾವೇಶವಿದೆ. ಅಲ್ಲಿ ಅವರವರ ದೇಶದ ಚಾಕೊಲೇಟು, ಸಿಹಿ ತಂದು ಮೇಜಿನ ಮೇಲೆ ಹರವುವ ಪದ್ಧತಿಯೂ ಬೆಳೆದಿದೆ. ದುಡ್ಡಿನ ಲೆಕ್ಕದಲ್ಲಿ ಇದು ಪೂರ್ತಿ ನಷ್ಟದ ವ್ಯವಹಾರ.

ನಡೆಯುವ ಬಗೆ ಹೀಗೆ. ಸಂಸ್ಥೆಗಳು ತಮಗೆ ಆಗಬೇಕಾದ ಕೆಲಸಗಳ ಪಟ್ಟಿ ಹಾಕುತ್ತವೆ. ವಿದ್ಯಾರ್ಥಿ ಒಂದನ್ನು ಆರಿಸಿ, ಹೇಗೆ ಮಾಡುತ್ತೇನೆ ಎಂದು ಬರೆದು ಕಳಿಸುತ್ತಾನೆ. ಆಯ್ಕೆಯಾದರೆ ಮೊದಲ ಕೆಲವು ವಾರ ಪರಿಚಯಕ್ಕೆ, ಆಮೇಲೆ ಕೋಡ್. ನಡುವೆ ಒಂದು ಮೌಲ್ಯಮಾಪನ, ಕೊನೆಗೊಂದು. ಪಾಸು ಫೇಲು ಹೇಳುವವರು ಮೆಂಟರು. ಅವರು ಪಾಸು ಎಂದರೆ ಹಣ ಬರುತ್ತದೆ. 2017ರಿಂದ ಹಣದ ಮೊತ್ತ ಆಯಾ ದೇಶದ ಜೀವನವೆಚ್ಚಕ್ಕೆ ತಕ್ಕಂತೆ ಬದಲಾಯಿತು. 2022ರಿಂದ ವಿದ್ಯಾರ್ಥಿಯೇ ಆಗಿರಬೇಕೆಂಬ ಕಟ್ಟು ಸಡಿಲವಾಗಿ, ಓಪನ್ ಸೋರ್ಸ್‌ಗೆ ಹೊಸಬರಾದ 18 ದಾಟಿದ ಯಾರೂ ಸೇರಬಹುದಾಯಿತು.

ಆರಂಭದ ಹಲವು ವರ್ಷ ಅತಿ ಹೆಚ್ಚು ವಿದ್ಯಾರ್ಥಿಗಳನ್ನು ಕಳಿಸಿದ ವಿಶ್ವವಿದ್ಯಾಲಯ ಅಮೆರಿಕದ್ದಲ್ಲ, ಭಾರತದ್ದೂ ಅಲ್ಲ. ಶ್ರೀಲಂಕಾದ ಮೊರಟುವ ವಿಶ್ವವಿದ್ಯಾಲಯ. ಕಾರಣ ಸರಳವೇ ಇರಬೇಕು: ಮೊದಲ ತಂಡದವರು ಮಾಡಿದ್ದನ್ನು ಎರಡನೆಯ ತಂಡದವರು ಹಾಸ್ಟೆಲಿನಲ್ಲಿ ಕಣ್ಣಾರೆ ನೋಡಿದರು. ಹಿರಿಯನೊಬ್ಬ ಪಕ್ಕದ ಕೋಣೆಯಲ್ಲಿದ್ದರೆ ಅಸಾಧ್ಯವೆಂದು ಕಂಡದ್ದು ಸಾಧ್ಯವಾಗಿ ಕಾಣುತ್ತದೆ. ಮುಂದೆ ಭಾರತವೇ ಮೊದಲ ಸ್ಥಾನಕ್ಕೆ ಬಂತು, ಈಗ ಬಹಳ ವರ್ಷಗಳಿಂದ ಅಲ್ಲೇ ಇದೆ.

ಶುಗರ್ ಲ್ಯಾಬ್ಸ್ 2009ರಲ್ಲಿ ಈ ಕಾರ್ಯಕ್ರಮದೊಳಗೆ ಬಂತು. ಅದರ ಹಾಗೆಯೇ ಮಕ್ಕಳಿಗಾಗಿ ತಂತ್ರಾಂಶ ಮಾಡುವ ಇತರರೂ ಇದ್ದರು. 2000ದಲ್ಲಿ ಬ್ರೂನೊ ಕುದ್ವಾಂ ಎಂಬ ಫ್ರೆಂಚ್ ಎಂಜಿನಿಯರ್ ಶುರುಮಾಡಿದ ಜಿಕಂಪ್ರಿ. ಫ್ರೆಂಚ್‌ನಲ್ಲಿ ಓದಿದರೆ ‘ನನಗೆ ಅರ್ಥವಾಯಿತು’ ಎಂದು ಕೇಳಿಸುವ ಹೆಸರು. ಎಣಿಕೆ, ಅಕ್ಷರ, ಗಡಿಯಾರ ನೋಡುವುದು, ಚದುರಂಗ, ಹೀಗೆ ನೂರಕ್ಕೂ ಹೆಚ್ಚು ಚಟುವಟಿಕೆಗಳು ಅದರಲ್ಲಿವೆ. ಕೆಡಿಇ ಸಮುದಾಯದ ಶಿಕ್ಷಣ ವಿಭಾಗದಲ್ಲಿ ಭೂಗೋಳಕ್ಕೊಂದು, ಮೂಲವಸ್ತುಗಳ ಕೋಷ್ಟಕಕ್ಕೊಂದು, ಪ್ಯಾಪರ್ಟ್ ಆಮೆಯ ವಂಶದ್ದೇ ಆದ ಕೆಟರ್ಟಲ್ ಕೂಡ ಒಂದು. ಕೆಟರ್ಟಲ್‌ನ ವಿಶೇಷವೆಂದರೆ ಆಮೆಗೆ ಕೊಡುವ ಆಜ್ಞೆಗಳನ್ನೂ ಅನುವಾದಿಸಬಹುದು. ‘ಫಾರ್ವರ್ಡ್’ ಎನ್ನಬೇಕಾದಲ್ಲಿ ಮಗು ತನ್ನ ಮಾತಿನಲ್ಲೇ ‘ಮುಂದೆ’ ಎನ್ನುವಂತೆ ಮಾಡಬಹುದು. ಆದರೆ ಅದು ತಾನಾಗಿ ಆಗುವುದಿಲ್ಲ. ಆ ಭಾಷೆಯವನೊಬ್ಬ ಕೂತು ಮಾಡಬೇಕು, ಅವನಿಗೆ ಹೇಗೆ ಮಾಡುವುದೆಂದು ಇನ್ನೊಬ್ಬ ತೋರಿಸಬೇಕು.

ಕಾಲೇಜಿಗಿಂತ ಚಿಕ್ಕವರಿಗೂ ಬಾಗಿಲು ತೆರೆಯಿತು. 13ರಿಂದ 17 ವಯಸ್ಸಿನವರಿಗಾಗಿ ಗೂಗಲ್ 2010ರಿಂದ ‘ಕೋಡ್-ಇನ್’ ನಡೆಸಿತು. ಕೆಲವು ಗಂಟೆಗಳಲ್ಲಿ ಮುಗಿಯುವ ಚಿಕ್ಕ ಚಿಕ್ಕ ಕೆಲಸಗಳು. 2019ರ ಕೊನೆಗೆ ಶುರುವಾದ ಹತ್ತನೆಯ ಆವೃತ್ತಿಯೇ ಕೊನೆಯದಾಯಿತು. ಅದರಲ್ಲಿ ಭಾಗವಹಿಸಿದ ಸಂಸ್ಥೆಗಳಲ್ಲಿ ಶುಗರ್ ಲ್ಯಾಬ್ಸ್ ಕೂಡ ಒಂದು. ಇಲ್ಲೊಂದು ವೃತ್ತ ಪೂರ್ಣವಾಯಿತು. ಉರುಗ್ವೆಯಲ್ಲಿ ಪ್ರಾಥಮಿಕ ಶಾಲೆಯಲ್ಲಿದ್ದಾಗ ಎಕ್ಸ್‌ಒ ಪಡೆದ ಕೆಲವು ಮಕ್ಕಳು ಹದಿಹರೆಯಕ್ಕೆ ಬಂದು ಅದೇ ಶುಗರ್‌ಗೆ ಕೋಡ್ ಬರೆದರು. ಅವರಲ್ಲಿ ಕೆಲವರು ಮುಂದೆ ತಾವೇ ಕಿರಿಯರಿಗೆ ಮೆಂಟರಾದರು. ಕೋಡಂಗಿ ವೇಷದ ಹುಡುಗ ಬಾಲಗೋಪಾಲನಾಗಿ, ಆಮೇಲೆ ಹೊಸ ಹುಡುಗನಿಗೆ ಗೆಜ್ಜೆ ಕಟ್ಟಿದ ಹಾಗೆ.

ಮೆಂಟರು ಮಾಡುವುದೇನು?

ಹೊರಗಿನವರಿಗೆ ಮೆಂಟರ್ ಎಂದರೆ ಉಪದೇಶ ಮಾಡುವವನು. ನಿಜದಲ್ಲಿ ಆ ಕೆಲಸ ಬಹಳ ಸಣ್ಣ ಸಣ್ಣ ಸಂಗತಿಗಳದ್ದು. ಮೊದಲ ವಾರವೆಲ್ಲ ವಿದ್ಯಾರ್ಥಿಯ ಕಂಪ್ಯೂಟರಿನಲ್ಲಿ ಆ ತಂತ್ರಾಂಶ ಓಡುವಂತೆ ಮಾಡುವುದರಲ್ಲೇ ಕಳೆಯುತ್ತದೆ. ಆಮೇಲೆ ಕೋಡ್ ಓದಿ ತಿದ್ದುವುದು. ‘ಇದು ಸರಿಯಿಲ್ಲ’ ಎಂದರೆ ಹುಡುಗಿ ಮುದುಡಿಕೊಳ್ಳುತ್ತಾಳೆ, ‘ಚೆನ್ನಾಗಿದೆ’ ಎಂದು ಬಿಟ್ಟರೆ ಕಲಿಯುವುದಿಲ್ಲ. ನಡುವಿನ ದಾರಿ ಹುಡುಕಬೇಕು. ತಾನು ಅರ್ಧ ಗಂಟೆಯಲ್ಲಿ ಮಾಡಬಹುದಾದದ್ದನ್ನು ಅವಳು ಒಂದು ವಾರ ಮಾಡುವಾಗ ಕೈಕಟ್ಟಿ ಕೂರಬೇಕು. ಬಲ್ಲವನಿಗೆ ಇದಕ್ಕಿಂತ ಕಷ್ಟದ ಶಿಕ್ಷೆ ಇಲ್ಲ.

ಭಾರತದ ವಿದ್ಯಾರ್ಥಿಗಳ ಜೊತೆ ಇನ್ನೂ ಎರಡು ತೊಡಕು. ಒಂದು, ಕಾಲ. ಈ ಕಾರ್ಯಕ್ರಮದ ‘ಬೇಸಿಗೆ’ ಯುರೋಪು, ಅಮೆರಿಕಗಳ ಬೇಸಿಗೆ. ಮೇ, ಜೂನ್ ಎಂದರೆ ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಬಹಳ ಕಡೆ ಸೆಮಿಸ್ಟರ್ ಪರೀಕ್ಷೆ. ಎರಡನೆಯದು, ‘ಸರ್’. ಎಲ್ಲರೂ ಹೆಸರು ಹಿಡಿದು ಕರೆಯುವ ಸಾರ್ವಜನಿಕ ಚರ್ಚೆಯಲ್ಲಿ ನಮ್ಮ ಹುಡುಗ ‘ಸರ್, ಒಂದು ಡೌಟು’ ಎಂದು ಖಾಸಗಿಯಾಗಿ ಬರೆಯುತ್ತಾನೆ. ಎಲ್ಲರ ಎದುರು ಕೇಳಿದರೆ ತನ್ನ ಅಜ್ಞಾನ ಬಯಲಾಗುತ್ತದೆ ಎಂಬ ಅಂಜಿಕೆ. ಎಲ್ಲರ ಎದುರು ಕೇಳು, ನಿನ್ನ ಪ್ರಶ್ನೆಯಿಂದ ಇನ್ನೂ ಹತ್ತು ಜನಕ್ಕೆ ಉತ್ತರ ಸಿಗುತ್ತದೆ ಎಂದು ಕಲಿಸುವುದೇ ಅರ್ಧ ಕೆಲಸ.

ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. ಕೆಲವು ವರ್ಷಗಳ ಹಿಂದೆ ಮಕ್ಕಳ ಗಣಿತದ ಒಂದು ಸಣ್ಣ ಓಪನ್ ಸೋರ್ಸ್ ಯೋಜನೆಗೆ ನಾನೂ ಮೆಂಟರಾಗಿದ್ದೆ. ನನ್ನ ಪಾಲಿಗೆ ಬಂದ ಹುಡುಗ ಸಣ್ಣ ಊರಿನವನು, ಚುರುಕು. ಮೊದಲ ಮೂರು ವಾರ ದಿನಾ ಬರೆದ. ನಾಲ್ಕನೆಯ ವಾರ ಸದ್ದಿಲ್ಲ. ನಾನು ಎರಡು ಸಲ ಬರೆದೆ, ಎರಡನೆಯದು ಸ್ವಲ್ಪ ಬಿರುಸಾಗಿಯೇ ಇತ್ತು. ಉತ್ತರ ಬರಲಿಲ್ಲ. ಮೌಲ್ಯಮಾಪನದ ದಿನ ಫೇಲು ಒತ್ತಿದೆ. ನಿಯಮದಂತೆ ಅದು ಸರಿಯೇ.

ತಿಂಗಳುಗಟ್ಟಲೆ ಆದಮೇಲೆ ಅವನಿಂದ ಒಂದು ಪತ್ರ. ಕೋಡ್‌ನ ಒಂದು ಜಾಗದಲ್ಲಿ ಸಿಕ್ಕಿಬಿದ್ದಿದ್ದ. ಕೇಳಲು ನಾಚಿಕೆ. ನನ್ನ ಎರಡನೆಯ ಪತ್ರ ಓದಿದ ಮೇಲೆ ಉತ್ತರ ಬರೆಯಲು ಹೆದರಿಕೆ. ಅವನು ಕ್ಷಮೆ ಕೇಳಿದ್ದ. ಸಿಕ್ಕಿಬಿದ್ದ ಜಾಗವನ್ನು ನೋಡಿದೆ. ಹತ್ತು ನಿಮಿಷದ ಮಾತಿನಲ್ಲಿ ಬಿಡಿಸಬಹುದಾಗಿದ್ದ ಗಂಟು. ಅವತ್ತು ನಾನು ಒಂದು ಫೋನ್ ಮಾಡಬಹುದಿತ್ತು. ಆ ಗಣಿತದ ಆಟ ಇವತ್ತಿಗೂ ಅರ್ಧಕ್ಕೇ ನಿಂತಿದೆ. ಯಾವ ಪಟ್ಟಿಯಲ್ಲೂ ಇಂಥ ಫೇಲುಗಳಿಗೆ ಕಾರಣ ಬರೆದಿರುವುದಿಲ್ಲ.

ಬೆಂಗಳೂರು, ಪವಾಯಿ

ನಮ್ಮ ನೆಲದಲ್ಲಿ ಇದಕ್ಕೆ ತನ್ನದೇ ಇತಿಹಾಸವಿದೆ. 2001ರಲ್ಲಿ ಅತುಲ್ ಚಿಟ್ನಿಸ್ ಮತ್ತು ಗೆಳೆಯರು ‘ಲಿನಕ್ಸ್ ಬೆಂಗಳೂರು’ ಎಂಬ ಸಮ್ಮೇಳನ ಶುರುಮಾಡಿದರು. 2005ರಲ್ಲಿ ಅದು ‘ಫಾಸ್ ಡಾಟ್ ಇನ್’ ಆಯಿತು. ಆರಂಭದಲ್ಲಿ ಭಾಷಣಗಳ ಜಾತ್ರೆಯಂತೆ ಜನ ಸೇರುತ್ತಿದ್ದರು. ಆದರೆ ಚಿಟ್ನಿಸ್‌ಗೆ ಒಂದು ಅಸಮಾಧಾನ ಕಾಡುತ್ತಿತ್ತು: ಭಾರತೀಯರು ಮುಕ್ತ ತಂತ್ರಾಂಶವನ್ನು ಬಳಸುತ್ತಾರೆ, ಹೊಗಳುತ್ತಾರೆ, ಆದರೆ ಅದಕ್ಕೆ ತಾವು ಏನನ್ನೂ ಬರೆದು ಕೊಡುವುದಿಲ್ಲ. 2008ರಿಂದ ಸಮ್ಮೇಳನದಲ್ಲಿ ಭಾಷಣಗಳ ಜೊತೆ ‘ವರ್ಕ್‌ಔಟ್’ಗಳು ಬಂದವು. ಬಲ್ಲವರ ಪಕ್ಕ ಕೂತು ಅಲ್ಲಿಯೇ ಕೋಡ್ ಬರೆಯುವ ಗೋಷ್ಠಿಗಳು. 2012ರಲ್ಲಿ ಸಮ್ಮೇಳನ ನಿಂತಿತು, ಮರುವರ್ಷ ಚಿಟ್ನಿಸ್ ತೀರಿಕೊಂಡರು. ಅಷ್ಟರೊಳಗೆ ಬೀಜ ಬಿದ್ದಾಗಿತ್ತು. 2011ರ ಮಾರ್ಚ್‌ನಲ್ಲಿ ಕೆಡಿಇ ಸಮುದಾಯದ ಮೊದಲ ಭಾರತೀಯ ಸಮ್ಮೇಳನ ನಡೆದದ್ದು ಬೆಂಗಳೂರಿನ ಆರ್.ವಿ. ಎಂಜಿನಿಯರಿಂಗ್ ಕಾಲೇಜಿನಲ್ಲಿ. ತಾವು ನಿತ್ಯ ಬಳಸುವ ತಂತ್ರಾಂಶ ಬರೆದವರು ಎದುರಿಗೆ ಕೂತು ಮಾತಾಡುವುದನ್ನು ಅಂದು ಕಾಲೇಜು ಹುಡುಗ ಹುಡುಗಿಯರು ಕಂಡರು.

ಕೆಡಿಇಯದ್ದೇ ಇನ್ನೊಂದು ಒಳ್ಳೆಯ ಕೆಲಸ ‘ಸೀಸನ್ ಆಫ್ ಕೆಡಿಇ’. 2006ರಲ್ಲಿ ಗೂಗಲ್ ಕೊಟ್ಟ ಜಾಗಗಳಿಗಿಂತ ಬಹಳ ಹೆಚ್ಚು ಒಳ್ಳೆಯ ಅರ್ಜಿಗಳು ಬಂದಾಗ, ಆಯ್ಕೆಯಾಗದವರನ್ನು ಹಿಂದೆ ಕಳಿಸಲು ಅವರಿಗೆ ಮನಸ್ಸಾಗಲಿಲ್ಲ. ಸಂಭಾವನೆ ಇಲ್ಲ, ಆದರೆ ಕಲಿಸುತ್ತೇವೆ, ಬನ್ನಿ ಎಂದರು. ಜನ ಬಂದರು. ಹಣವೇ ಎಲ್ಲವೂ ಅಲ್ಲ, ಗಮನ ಕೊಡುವ ಹಿರಿಯನೊಬ್ಬ ಸಾಕು ಎಂದು ಅದು ತೋರಿಸಿತು.

ಅದೇ 2006ರಲ್ಲಿ ಗ್ನೋಮ್ ಎಂಬ ಇನ್ನೊಂದು ಸಮುದಾಯ ತನ್ನ ಅರ್ಜಿಗಳನ್ನು ಎಣಿಸಿತು. 181 ಅರ್ಜಿಗಳಲ್ಲಿ ಒಬ್ಬ ಹೆಣ್ಣುಮಗಳೂ ಇರಲಿಲ್ಲ. ಹೆಣ್ಣುಮಕ್ಕಳಿಗಾಗಿಯೇ ಬೇರೊಂದು ಕರೆ ಕೊಟ್ಟಾಗ ಸುಮಾರು ನೂರು ಅರ್ಜಿಗಳು ಬಂದವು. ಅಂದರೆ ಬರುವವರು ಇಲ್ಲದಿರಲಿಲ್ಲ, ಬಾಗಿಲು ತಮಗಾಗಿ ತೆರೆದಿದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಆ ಪ್ರಯತ್ನವೇ ಬೆಳೆದು ಇವತ್ತಿನ ‘ಔಟ್‌ರೀಚಿ’ ಆಗಿದೆ.

ಮುಂಬೈಯಲ್ಲಿ, ಪವಾಯಿಯ ಐಐಟಿಯಲ್ಲಿ, ಪ್ರೊಫೆಸರ್ ಕಣ್ಣನ್ ಮೌದ್ಗಲ್ಯ ಅವರ ನೇತೃತ್ವದಲ್ಲಿ ಬೆಳೆದದ್ದು ಇನ್ನೂ ನಮ್ಮ ಜಾಯಮಾನಕ್ಕೆ ಒಗ್ಗುವ ಮಾದರಿ. ಕೇಂದ್ರ ಸರಕಾರದ ನೆರವಿನ ‘ಫಾಸ್ಸೀ’ ಯೋಜನೆ ಅದು. ಎಂಜಿನಿಯರಿಂಗ್ ಕಾಲೇಜುಗಳು ದುಬಾರಿ ತಂತ್ರಾಂಶಕ್ಕೆ ಹಣ ಸುರಿಯುವ ಬದಲು ಸೈಲ್ಯಾಬ್‌ನಂಥ ಮುಕ್ತ ತಂತ್ರಾಂಶ ಬಳಸಲಿ ಎಂಬುದು ಗುರಿ. ಅದಕ್ಕೆ ಅವರು ಹುಡುಕಿದ ದಾರಿ ‘ಟೆಕ್ಸ್ಟ್‌ಬುಕ್ ಕಂಪ್ಯಾನಿಯನ್’. ವಿದ್ಯಾರ್ಥಿ ತಾನು ಓದುವ ಒಂದು ಪಠ್ಯಪುಸ್ತಕ ಆರಿಸುತ್ತಾನೆ. ಅದರಲ್ಲಿ ಬಿಡಿಸಿ ತೋರಿಸಿದ ಲೆಕ್ಕಗಳಿಗೆಲ್ಲ ಕೋಡ್ ಬರೆಯುತ್ತಾನೆ. ಪರಿಶೀಲಕರೊಬ್ಬರು ಓದಿ ತಿದ್ದುತ್ತಾರೆ. ಒಪ್ಪಿಗೆಯಾದರೆ ಎಲ್ಲರಿಗೂ ಮುಕ್ತವಾಗಿ ಸಿಗುತ್ತದೆ, ವಿದ್ಯಾರ್ಥಿಗೆ ಗೌರವಧನವೂ ಸಿಗುತ್ತದೆ. ಹೀಗೆ ನೂರಾರು ಪುಸ್ತಕಗಳಾಗಿವೆ. ಇಲ್ಲಿ ಅಮೆರಿಕಕ್ಕೆ ಇಂಗ್ಲಿಷಿನಲ್ಲಿ ಅರ್ಜಿ ಬರೆಯುವ ಭಯವಿಲ್ಲ. ಕೈಯಲ್ಲಿರುವ ಪುಸ್ತಕವೇ ಮೊದಲ ಮೆಟ್ಟಿಲು. ಇದೇ ಬಳಗದ ‘ಸ್ಪೋಕನ್ ಟ್ಯುಟೋರಿಯಲ್’ ಪಾಠಗಳು ಕನ್ನಡದಲ್ಲೂ ಇವೆ. ಹತ್ತೇ ನಿಮಿಷದ ಪಾಠ, ಕೇಳುತ್ತ ಪಕ್ಕದಲ್ಲೇ ಮಾಡಿ ನೋಡಬೇಕು.

ನಷ್ಟದ ಲೆಕ್ಕ

ಇಷ್ಟು ಹೇಳಿ ನಿಲ್ಲಿಸಿದರೆ ಇದು ಹರಿಕಥೆಯಾದೀತು. ಲೆಕ್ಕದ ಇನ್ನೊಂದು ಕಡೆಯೂ ಇದೆ.

ಮೊದಲನೆಯದು ಪೆರು. ಅಲ್ಲಿನ 319 ಶಾಲೆಗಳಲ್ಲಿ ನಡೆದ ದೊಡ್ಡ ಅಧ್ಯಯನವೊಂದು 2012ರಲ್ಲಿ ಹೊರಬಂತು. ಲ್ಯಾಪ್‌ಟಾಪ್ ಬಂದದ್ದರಿಂದ ಮಕ್ಕಳ ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಪರೀಕ್ಷೆಯಲ್ಲಿ ತೋರುವಂಥ ಸುಧಾರಣೆ ಆಗಿಲ್ಲ ಎಂದು ಅದು ಹೇಳಿತು. ಯಂತ್ರವನ್ನು ಪಾಠದೊಳಗೆ ತರಲು ಮಾಸ್ತರುಗಳಿಗೆ ಸಾಕಷ್ಟು ಒತ್ತಾಸೆ ಸಿಕ್ಕಿರಲಿಲ್ಲ. ನಮ್ಮ ಸಚಿವಾಲಯ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಪ್ಯಾಪರ್ಟ್ ಅವರ ಸಾಂಬಾ ಶಾಲೆಯಲ್ಲಿ ಡೋಲು ಮಾತ್ರ ಇದ್ದು ಕುಣಿಯುವ ಹಿರಿಯರೇ ಇಲ್ಲದಿದ್ದರೆ ಹೇಗೋ ಹಾಗೆ. ಈ ಮಾತನ್ನು ಅವರ ಎದುರೇ ಇಡುವ ಅವಕಾಶವೂ ಉಳಿಯಲಿಲ್ಲ. 2006ರ ಡಿಸೆಂಬರಿನಲ್ಲಿ ಹನೋಯ್‌ನ ರಸ್ತೆ ದಾಟುವಾಗ ಮೋಟಾರ್ ವಾಹನ ಬಡಿದು ಅವರ ಮಿದುಳಿಗೆ ಏಟು ಬಿತ್ತು. ಮಾತು, ಬರಹಗಳ ಹಳೆಯ ಬದುಕಿಗೆ ಅವರು ಪೂರ್ತಿ ಮರಳಲಾಗಲಿಲ್ಲ. 2016ರಲ್ಲಿ ತೀರಿಕೊಂಡರು.

ಎರಡನೆಯದು, ಬಿಟ್ಟುಹೋಗುವವರು. ಬೇಸಿಗೆ ಮುಗಿದ ಮೇಲೆ ಬಹುಪಾಲು ವಿದ್ಯಾರ್ಥಿಗಳು ಆ ಯೋಜನೆಗೆ ಮರಳುವುದಿಲ್ಲ ಎಂಬುದು ಎಲ್ಲ ಮೆಂಟರುಗಳ ಅನುಭವ. ಸಂಶೋಧಕರು ಕೇಳಿ ನೋಡಿದಾಗಲೂ, ಸೇರಲು ದೊಡ್ಡ ಕಾರಣ ಅನುಭವ ಮತ್ತು ಬಯೊಡೇಟಾದ ಒಂದು ಸಾಲು ಎಂದೇ ಬಹಳ ವಿದ್ಯಾರ್ಥಿಗಳು ಹೇಳಿದ್ದಾರೆ. ಇದನ್ನು ದ್ರೋಹ ಎನ್ನಲು ನನಗೆ ಬಾಯಿ ಬರುವುದಿಲ್ಲ. ಮನೆಯಲ್ಲಿ ಸಾಲವಿರುವ ಹುಡುಗನಿಗೆ ಆ ಒಂದು ಸಾಲು ಕೆಲಸ ಕೊಡಿಸುತ್ತದೆ. ಆದರೆ ಅವನು ಅರ್ಧ ಬಿಟ್ಟ ಕೋಡ್ ಮೆಂಟರಿನ ಹೆಗಲಿಗೆ ಬೀಳುತ್ತದೆ.

ಮೂರನೆಯದು ನಮಗೆ ಹೇಳಿಕೊಳ್ಳಲು ಮುಜುಗರ ತರುವಂಥದು. 2020ರ ಅಕ್ಟೋಬರಿನಲ್ಲಿ ‘ಹ್ಯಾಕ್ಟೋಬರ್‌ಫೆಸ್ಟ್’ ಎಂಬ ಕಾರ್ಯಕ್ರಮದಲ್ಲಿ, ನಾಲ್ಕು ಸಣ್ಣ ಕೊಡುಗೆ ಕಳಿಸಿದರೆ ಟೀ ಶರ್ಟು ಎಂಬ ಆಸೆಗೆ ಸಾವಿರಾರು ಜನ ಅರ್ಥವಿಲ್ಲದ ತಿದ್ದುಪಡಿಗಳನ್ನು ಜಗತ್ತಿನ ಯೋಜನೆಗಳ ಮೇಲೆ ಸುರಿದರು. ಭಾರತದ ವಿದ್ಯಾರ್ಥಿಗಳೇ ನೋಡುವ ಒಂದು ವಿಡಿಯೊ ಅದಕ್ಕೆ ದಾರಿ ತೋರಿಸಿತ್ತು. ಬಿಡುವಿನ ವೇಳೆಯಲ್ಲಿ ಯೋಜನೆ ನಡೆಸುವವರು ರಾತ್ರಿಯೆಲ್ಲ ಕಸ ಗುಡಿಸಬೇಕಾಯಿತು. ಒಪ್ಪಿದ ಯೋಜನೆಗಳಿಗೆ ಮಾತ್ರ ಕಳಿಸಬೇಕೆಂದು ಸಂಘಟಕರು ನಿಯಮ ಬದಲಿಸಬೇಕಾಯಿತು. ಈಚಿನ ವರ್ಷಗಳಲ್ಲಿ ಯಂತ್ರವೇ ಬರೆದ ಅರ್ಜಿ, ಯಂತ್ರವೇ ಬರೆದ ಕೋಡ್ ಬಂದು ಬೀಳುತ್ತಿದೆ. ಕಳಿಸಿದವನೇ ಓದಿರದ ಕೋಡನ್ನು ಓದಿ ತಿದ್ದುವ ಮೆಂಟರು ಯಾರಿಗೆ ಕಲಿಸಿದಂತಾಯಿತು?

ಹಾಗಾದರೆ ಉಳಿದದ್ದೇನು? ಶುಗರ್ ಇವತ್ತಿಗೂ ಬದುಕಿದೆ. ಅದರ ಬಳಗದಿಂದಲೇ ‘ಮ್ಯೂಸಿಕ್ ಬ್ಲಾಕ್ಸ್’ ಎಂಬ ತಂತ್ರಾಂಶ ಬೆಳೆದಿದೆ. ಮಗು ಇಟ್ಟಿಗೆ ಜೋಡಿಸಿದಂತೆ ಸ್ವರಗಳನ್ನು ಜೋಡಿಸಿ ಸಂಗೀತವನ್ನೂ ಪ್ರೋಗ್ರಾಮಿಂಗನ್ನೂ ಒಟ್ಟಿಗೆ ಕಲಿಯುತ್ತದೆ. ಅದಕ್ಕೆ ಕೋಡ್ ಬರೆದವರಲ್ಲಿ ಭಾರತದ ಕಾಲೇಜು ವಿದ್ಯಾರ್ಥಿಗಳು ಬಹಳ ಜನ. ಅವರಿಗೆ ಕಲಿಸಿದವರಲ್ಲಿ, ಮೀಡಿಯಾ ಲ್ಯಾಬ್ ನಡೆಸಿದ ವಾಲ್ಟರ್ ಬೆಂಡರ್ ಅವರೇ ಒಬ್ಬರು. ಸಂಸ್ಥೆ ಕೈಬಿಟ್ಟಿತು, ಹಣ ಮುಗಿಯಿತು, ಹಸಿರು ಯಂತ್ರಗಳು ಹಳತಾಗಿ ಮೂಲೆ ಸೇರಿದವು. ತಂತ್ರಾಂಶವನ್ನು ಇಲ್ಲಿಯತನಕ ದಾಟಿಸಿದ್ದು ಒಬ್ಬರಿಂದೊಬ್ಬರಿಗೆ ಕಲಿಸುತ್ತ ಬಂದ ಸರಪಳಿ. ಬಹಳ ಜನ ಬಿಟ್ಟುಹೋದರೂ ಪ್ರತಿ ವರ್ಷ ಒಬ್ಬಿಬ್ಬರು ಉಳಿಯುತ್ತಾರೆ. ಸರಪಳಿಗೆ ಅಷ್ಟು ಸಾಕಾಗಿದೆ.

ಈ ಪತ್ರಿಕೆಯ ಓದುಗರಲ್ಲಿ ಪುಣೆ, ಹೈದರಾಬಾದು, ಚೆನ್ನೈಗಳ ಸಾಫ್ಟ್‌ವೇರ್ ಕಂಪನಿಗಳಲ್ಲಿ ಹತ್ತಿಪ್ಪತ್ತು ವರ್ಷ ದುಡಿದವರು ಬಹಳ ಜನ ಇದ್ದೀರಿ. ನಿಮಗೆ ಬರುವ ವಿದ್ಯೆ ಮಾತ್ರವಲ್ಲ, ಕನ್ನಡವೂ ಬರುತ್ತದೆ. ಹೊಸಪೇಟೆಯಲ್ಲೋ ಹಾವೇರಿಯಲ್ಲೋ ಕೂತ ಒಬ್ಬ ಹುಡುಗಿ ‘ಸರ್’, ‘ಮೇಡಂ’ ಎಂದು ಅಂಜುತ್ತ ಬರೆಯುವ ಪ್ರಶ್ನೆಗೆ ಅವಳ ಮಾತಿನಲ್ಲೇ ಉತ್ತರ ಕೊಡಬಲ್ಲವರು ಈ ಲೋಕದಲ್ಲಿ ತೀರ ಕಡಿಮೆ. ವಾರಕ್ಕೆ ನಾಲ್ಕೈದು ಗಂಟೆ. ಸಿಗುವುದು ಹೆಚ್ಚೆಂದರೆ ಒಂದು ಟೀ ಶರ್ಟು. ಅವಳು ಒಂದು ವಾರ ಸುಮ್ಮನಾದರೆ ಮಾತ್ರ ಬಿರುಸಾಗಿ ಪತ್ರ ಬರೆಯಬೇಡಿ, ಫೋನ್ ಮಾಡಿ.

ಮೊನ್ನೆ ಪುಣೆಗೆ ಹೋಗುವಾಗ ಕರ್ಜತ್‌ನಲ್ಲಿ ಇಳಿದು, ವಡೆಯ ಗಾಡಿ ಬಿಟ್ಟು, ಪ್ಲಾಟ್‌ಫಾರ್ಮಿನ ತುದಿಯವರೆಗೆ ನಡೆದೆ. ಹಿಂದಿನ ಎಂಜಿನ್‌ಗಳು ಬಂದು ಸೇರುವುದನ್ನು ನೋಡಬೇಕಿತ್ತು. ಸಣ್ಣದೊಂದು ಧಕ್ಕೆ, ಅಷ್ಟೇ. ಯಾರೂ ತಿರುಗಿ ನೋಡಲಿಲ್ಲ. ಸಿಗ್ನಲ್ ಬಿತ್ತು, ಓಡಿ ಹತ್ತಿಕೊಂಡೆ. ಘಾಟಿ ಶುರುವಾಯಿತು.